ಸ್ವರದ ಹಾಜರಿ

ನಮ್ಮ ಟೈಪಿಂಗ್ ಮೇಷ್ಟ್ರು ತೀರಿಕೊಂಡ ಹನ್ನೆರಡನೇ ದಿನ ಮೊಬೈಲಿನಲ್ಲೇ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ಎಸ್ಪೆರಾಂತೊ ಭಾಷೆ ಬಲ್ಲ ಹದಿನೈದು ಮಂದಿ, ಯಾವ್ಯಾವುದೋ ಊರು ದೇಶಗಳಿಂದ ಪುಟ್ಟ ಪುಟ್ಟ ಚೌಕಗಳಲ್ಲಿ ಕೂತಿದ್ದರು. ಅವರಲ್ಲೊಬ್ಬ ಹಿರಿಯರು ಹೇಳಿದರು: "ಉತ್ಸಾಹ ದೊಡ್ಡದು. ಆದರೆ ಅವರ ಉಚ್ಚಾರಣೆಯನ್ನು ಕೊನೆಯವರೆಗೂ ತಿದ್ದಲಾಗಲಿಲ್ಲ. ಸ್ವರಗಳು ಹಳ್ಳಿಯವೇ ಆಗಿ ಉಳಿದುಬಿಟ್ಟವು." ಉಳಿದವರು ನಗುತ್ತಾ ತಲೆಯಾಡಿಸಿದರು. ನನ್ನ ಹೆಬ್ಬೆರಳು ಮೈಕಿನ ಗುರುತಿನ ಮೇಲೇ ಇತ್ತು. ಒತ್ತಲಿಲ್ಲ. ಹೊತ್ತಿಗೆ ಸರಿಯಾಗಿ ಬಾಯಿ ಬಿಡದಿರುವುದು ನನಗೆ ಹೊಸದೇನೂ ಅಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ತಿದ್ದಲಾಗಲಿಲ್ಲ ಎನ್ನುವುದು ತಪ್ಪು. ಅವರು ತಿದ್ದಿಕೊಳ್ಳಲಿಲ್ಲ. ಎರಡಕ್ಕೂ ಬಹಳ ಅಂತರವಿದೆ.

ಮದ್ದೂರಿನ ಬಸ್‌ ನಿಲ್ದಾಣದ ಹಿಂದೆ, ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಅವರ ಟೈಪಿಂಗ್ ಶಾಲೆ. ಹನ್ನೊಂದು ಯಂತ್ರಗಳಿದ್ದವು, ಏಳು ಓಡುತ್ತಿದ್ದವು. ಮಂಡ್ಯದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಕೆಲಸ ಸಿಗದೆ, ಸರ್ಕಾರಿ ಪರೀಕ್ಷೆಗೆ ಬೇಕೆಂದು ಟೈಪಿಂಗ್ ಕಲಿಯಲು ಹೋದವಳು ನಾನು. ಮೇಷ್ಟ್ರು ಕುಳ್ಳಗಿದ್ದರು. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಯಂತ್ರದ ಧೂಳು ತೆಗೆಯುವ ಕುಂಚ. ಹಳೆಯ ಬನಿಯನ್ನಿನ ತುಂಡಿನಿಂದ ಪ್ರತಿ ಸಂಜೆ ಪ್ರತಿ ಯಂತ್ರವನ್ನೂ ಒರೆಸಿ ಹೊದಿಕೆ ಹಾಕುತ್ತಿದ್ದರು, ಓಡದ ನಾಲ್ಕಕ್ಕೂ. ಮದ್ದೂರಿನಲ್ಲಿ ಹುಟ್ಟಿಯೂ ವಡೆ ಮುಟ್ಟದ ಮನುಷ್ಯ. ಯಾಕೆ ಸಾರ್ ಎಂದರೆ, "ರೈಲಲ್ಲಿ ಓಗೋರ್ಗೆ ಅದು. ನಾನ್ ಎಲ್ಗೂ ಓಗಲ್ವಲ್ಲಮ್ಮ" ಎನ್ನುತ್ತಿದ್ದರು.

ಐದು ಗಂಟೆಗೆ ಟೈಪಿಂಗ್ ನಿಲ್ಲುತ್ತಿತ್ತು. ಆಮೇಲೆ ಒಂದು ಗಂಟೆ ಎಸ್ಪೆರಾಂತೊ. ಅದಕ್ಕೆ ಫೀಸಿಲ್ಲ. ಯಾವತ್ತೋ ಮಂಡ್ಯದ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕಿದ ಒಂದು ತೆಳು ಪುಸ್ತಕದಿಂದ ಅವರು ಅದನ್ನು ತಾವಾಗಿಯೇ ಕಲಿತಿದ್ದರು. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಪೋಲೆಂಡಿನ ಕಡೆಯ ಒಬ್ಬ ಕಣ್ಣಿನ ಡಾಕ್ಟರು ಕೂತು ಕಟ್ಟಿದ ಭಾಷೆ ಅದು. ಯಾವ ದೇಶಕ್ಕೂ ಸೇರಿದ್ದಲ್ಲ, ಆದ್ದರಿಂದ ಯಾರೂ ಯಾರ ಮುಂದೆಯೂ ತಗ್ಗಬೇಕಾಗಿಲ್ಲ ಎನ್ನುವುದು ಅದನ್ನು ಕಟ್ಟಿದವರ ಆಸೆ. ಮೇಷ್ಟ್ರಿಗೆ ಹಿಡಿಸಿದ್ದೂ ಅದೇ. "ಇಂಗ್ಲಿಸ್ ಮಾತಾಡುವಾಗ ಯಾರೋ ಎಗಲ ಮೇಲೆ ನಿಂತು ನೋಡ್ತಾವ್ರೆ ಅನ್ಸುತ್ತೆ. ಇದ್ರಲ್ಲಿ ಯಾರೂ ಇಲ್ಲ ಕಣಮ್ಮ, ಕಾಲಿ ರೋಡು."

ಕಾಗದದ ಮೇಲೆ ಆ ಭಾಷೆಗೆ ಇರುವುದು ಐದೇ ಸ್ವರ. ನಮ್ಮ ಹಾಗೆ ಹ್ರಸ್ವ ಬೇರೆ ದೀರ್ಘ ಬೇರೆ ಎಂಬ ಲೆಕ್ಕವಿಲ್ಲ. ಆದರೆ ಬಾಯಿ ಕಾಗದವಲ್ಲ. ನಾವು ಕನ್ನಡದವರು ಅದರಲ್ಲಿ ಒತ್ತಬೇಕಾದ ಕಡೆ ಎಳೆಯುತ್ತೇವೆ. ಪದ 'ಎ'ಯಿಂದ ಶುರುವಾದರೆ ನಮ್ಮ ಕಡೆ ಅದು 'ಯೆ' ಆಗುತ್ತದೆ. ಕೊನೆಯಲ್ಲಿ ವ್ಯಂಜನ ಒಂಟಿಯಾಗಿ ನಿಂತರೆ ಪಾಪ ಅನ್ನಿಸಿ, ಬಸ್ಸಿಗೆ ಕೊಟ್ಟ ಹಾಗೆ ಅದಕ್ಕೂ ಒಂದು 'ಉ' ಕೊಡುತ್ತೇವೆ. ಮನೆಯಲ್ಲಿ ಯಾವ ಭಾಷೆಯೋ ಆ ಭಾಷೆಯ ಸ್ವರವೇ ಈ ಹೊಸ ಭಾಷೆಗೂ ಬಂದು ಕೂರುತ್ತದೆ.

ಇದರ ಮೇಲೆ ಮೇಷ್ಟ್ರು ಒಂದು ಪದ್ಧತಿಯನ್ನೇ ಮಾಡಿದ್ದರು. ಅವರ ಹಾಜರಿಯಲ್ಲಿ ಹೆಸರು ಕರೆಯುವುದಿಲ್ಲ. ಅವರು ಕಣ್ಣು ಮುಚ್ಚಿ ಕೂರುತ್ತಿದ್ದರು. ನಾವು ಒಬ್ಬೊಬ್ಬರೇ ಐದು ಸ್ವರಗಳನ್ನೂ ಆ ಭಾಷೆಯ ಒಂದು ವಾಕ್ಯವನ್ನೂ ಹೇಳಬೇಕು. ಅವರು ಯಾರೆಂದು ಗುರುತಿಸಿ ಪುಸ್ತಕದಲ್ಲಿ ಗೆರೆ ಹಾಕುತ್ತಿದ್ದರು. ಹೊಸಬರಾದರೆ ಮನೆಮಾತು, ಊರಿನ ದಿಕ್ಕು ಹೇಳುತ್ತಿದ್ದರು. "ಮಳವಳ್ಳಿಯಿಂದ ಆಚ್ಗೆ. ಮನೇಲಿ ಅಜ್ಜಿ ತಮಿಳು." ಹತ್ತರಲ್ಲಿ ಎಂಟು ಸಲ ಸರಿ. ತಪ್ಪಾದರೆ, "ನೆಗಡಿ ಆಗದೆ ಇವ್ನಿಗೆ" ಎಂದು ತಪ್ಪನ್ನು ನಮ್ಮ ಮೇಲೇ ಹಾಕುತ್ತಿದ್ದರು.

ಬಟ್ಟೆ ಹೊಲಿಯುವ ಒಬ್ಬಳು ನಮ್ಮ ಜೊತೆ ಬರುತ್ತಿದ್ದಳು, ಮನೆಮಾತು ಉರ್ದು. 'ನಿಲ್ಲು' ಎನ್ನುವುದಕ್ಕೆ ಆ ಭಾಷೆಯಲ್ಲಿ 'ಸ್ತಾರು'. ಅವಳ ಬಾಯಲ್ಲಿ ಅದು 'ಇಸ್ತಾರು'. ಸರಿ ಮಾಡಿಕೊಳ್ಳಲೇನು ಸಾರ್ ಎಂದು ಅವಳು ಕೇಳಿದಾಗ ಮೇಷ್ಟ್ರು ಕಣ್ಣು ತೆರೆಯದೆಯೇ ಅಂದರು: "ಆ 'ಇ' ನಿಮ್ಮಮ್ಮ ಕೊಟ್ಟಿದ್ದು. ಮಡಿಕ್ಕೊ. ಯಾರ್ ಕೇಳುದ್ರೂ ಕೊಡಬ್ಯಾಡ."

ನನ್ನ ಸರದಿಯಲ್ಲಿ ಅವರು ಹಣೆ ಗಂಟಿಕ್ಕುತ್ತಿದ್ದರು. ನಾನು ಇಂಗ್ಲಿಷ್ ಮೀಡಿಯಮ್ಮಿನವಳು. ಪದದ ಕೊನೆಯ ಸ್ವರ ನನ್ನ ಬಾಯಲ್ಲಿ ಅರ್ಧಕ್ಕೇ ಕರಗುತ್ತಿತ್ತು, 'ಒ' ಇದ್ದದ್ದು 'ಓವ್' ಆಗಿ ಬಾಲ ಬೆಳೆಸುತ್ತಿತ್ತು. "ಇದು ಸ್ಕೂಲಿನ ಸ್ವರ. ಒಳ್ಗಡೆ ಯಾರೋ ಅಜ್ಜಿ ಕುಂತವ್ರೆ, ನೀನು ಬಾಗ್ಲು ತೆಗೀತಿಲ್ಲ" ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ.

"ಒಂದು ಭಾಷೆಗೆ ಒಂದು ಸರಿಯಾದ ಉಚ್ಚಾರಣೆ ಬೇಡವಾ ಸಾರ್? ಎಲ್ಲರೂ ಅವರವರ ಮನೆಯ ಹಾಗೆ ಮಾತಾಡಿದರೆ ಎಲ್ಲರಿಗೂ ಅರ್ಥವಾಗುವುದು ಹೇಗೆ?"

"ನಾನಾಡಿದ್ದು ನಿಂಗೆ ಅರ್ತ ಆಯ್ತಾ?"

"ಆಗುತ್ತೆ."

"ಅವ್ಳ ಇಸ್ತಾರು?"

"ಅದೂ ಆಗುತ್ತೆ."

"ಮತ್ತೆ ಯಾರ್ಗಮ್ಮ ಆಗ್ದೆ ಇರೋದು? ಅಕ್ಸರ ಡಾಕ್ಟ್ರುದು. ಉಸ್ರು ನಮ್ದು."

ಒಮ್ಮೆ ಯಾವುದೋ ಊರಿನ ಪರೀಕ್ಷಕರು ಮೊಬೈಲಿನಲ್ಲೇ ಅವರ ಎಸ್ಪೆರಾಂತೊ ಮೌಖಿಕ ಪರೀಕ್ಷೆ ಮಾಡಿ, ಸ್ವರಗಳನ್ನು ಶುದ್ಧಮಾಡಿಕೊಂಡು ಮತ್ತೆ ಬನ್ನಿ ಎಂದು ಬರೆದಿದ್ದರು. ಮೇಷ್ಟ್ರು ಹೊದಿಕೆ ತೆಗೆದು, ಒಳ್ಳೆಯ ಯಂತ್ರದ ಮುಂದೆ ಕೂತು, ಒಂದು ತಪ್ಪಿಲ್ಲದೆ ಉತ್ತರ ಟೈಪ್ ಮಾಡಿದರು. ಅದರ ಒಂದು ಪ್ರತಿ ಗೋಡೆಯ ಮೇಲಿತ್ತು. ಕನ್ನಡಕ್ಕೆ ತಂದರೆ ಇಷ್ಟೇ: 'ನಿಮ್ಮ ಸ್ವರಗಳಲ್ಲಿ ನಿಮ್ಮ ಊರು ನನಗೆ ಚೆನ್ನಾಗಿ ಕೇಳಿಸಿತು. ನಿಮಗೂ ನನ್ನದು ಕೇಳಿಸಿದೆ ಎಂದು ತಿಳಿದು ಸಂತೋಷವಾಯಿತು.' ಆ ಪರೀಕ್ಷೆಗೆ ಅವರು ಮತ್ತೆ ಕೂರಲಿಲ್ಲ.

ಈಗ ಹಲಗೂರಿನ ವಿಷಯಕ್ಕೆ ಬರಬೇಕು. ಅದನ್ನು ಬಿಟ್ಟು ಇಷ್ಟು ಹೊತ್ತು ಸುತ್ತುತ್ತಿದ್ದೆ ಎಂದು ನನಗೂ ಗೊತ್ತು.

ನೇಪಾಳದ ಒಬ್ಬ ಎಸ್ಪೆರಾಂತೊ ಗೆಳೆಯ ಬಂದಿದ್ದ. ಮೂವತ್ತರ ಆಸುಪಾಸು, ಮೃದು ಮಾತು. ಬೇರೆ ಬೇರೆ ಮನೆಮಾತಿನವರು ಆ ಐದು ಸ್ವರಗಳನ್ನು ಹೇಗೆ ನುಡಿಯುತ್ತಾರೆ ಎಂದು ಊರೂರು ತಿರುಗಿ ಧ್ವನಿ ಹಿಡಿದುಕೊಳ್ಳುತ್ತಿದ್ದ. ಅವನ 'ಅ' ತುಸು 'ಒ' ಕಡೆಗೆ ವಾಲುತ್ತಿತ್ತು. ಹಾಜರಿಯಲ್ಲಿ ಮೇಷ್ಟ್ರು ಅವನನ್ನು ಮೂರು ಸಲ ಹೇಳಿಸಿ, "ಇದು ಗುಡ್ಡದ ಸ್ವರ. ಇಳೀತಾ ಬತ್ತದೆ" ಎಂದು ಖುಷಿಪಟ್ಟರು. ಅವನಿಗೆ ಕನ್ನಡ ಬಾರದು. ಮೇಷ್ಟ್ರಿಗೆ ಹಿಂದಿ ಬಾರದು. ಎರಡು ದಿನ ಅವರಿಬ್ಬರೂ ಆ ಕಟ್ಟಿದ ಭಾಷೆಯಲ್ಲೇ ಹರಟಿದರು, ನಕ್ಕರು, ಕಾಫಿ ಚೆಲ್ಲಿಕೊಂಡರು.

ಮೂರನೇ ದಿನ ಮುತ್ತತ್ತಿಯಲ್ಲಿ ಹೊಳೆ ತೋರಿಸಿ, ಆಂಜನೇಯನಿಗೆ ಕೈಮುಗಿಸಿ ಕರೆತರೋಣ ಎಂದು ನಾವು ಮೂವರು ಹೊರಟೆವು. ಮಳವಳ್ಳಿಯಲ್ಲಿ ಒಂದು ಬಸ್ಸು ಬದಲಿಸಿ, ಮುತ್ತತ್ತಿ ಬಸ್ಸಿಗಾಗಿ ಹಲಗೂರಿನಲ್ಲಿ ಇಳಿದೆವು. ಬೆಳಗಿನ ಹನ್ನೊಂದು ಗಂಟೆ ಇರಬಹುದು. ಆ ವಾರ ಎಲ್ಲರ ಮೊಬೈಲಿನಲ್ಲೂ ಒಂದೇ ಸುದ್ದಿ ಓಡಾಡುತ್ತಿತ್ತು: ಮಕ್ಕಳ ಕಳ್ಳರು ಬಂದಿದ್ದಾರೆ, ಉತ್ತರದ ಕಡೆಯವರು, ಮಾತು ತಿಳಿಯುವುದಿಲ್ಲ. ನನ್ನ ಮೊಬೈಲಿಗೂ ಬಂದಿತ್ತು. ಸುಳ್ಳೆಂದು ಅಳಿಸಿದ್ದೆ. ಅಳಿಸಿದರೆ ಮುಗಿಯಿತು ಎಂದುಕೊಂಡಿದ್ದೆ.

ಗೆಳೆಯ ಬಸ್‌ ನಿಲ್ದಾಣದ ಸದ್ದು ಹಿಡಿಯಲು ಮೈಕು ತೆಗೆದ. ಬೆಕ್ಕಿನ ಹಾಗೆ ಕೂದಲಿನ ಕವಚವಿದ್ದ ಮೈಕು. ಅಮ್ಮನ ಜೊತೆ ನಿಂತಿದ್ದ ಪುಟ್ಟ ಹುಡುಗಿಯೊಂದು ಅದನ್ನು ಮುಟ್ಟಿ ನೋಡಿತು. ಅವನು ನಕ್ಕು, ತನ್ನ ಕಿವಿಯ ಹೆಡ್‌ಫೋನು ತೆಗೆದು ಅದರ ಕಿವಿಗಿಟ್ಟ. ಮುತ್ತತ್ತಿ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ನಾನು ಹತ್ತು ಹೆಜ್ಜೆ ಆಚೆ ಹೋಗಿದ್ದೆ. ಹಿಂದಿನಿಂದ ಒಂದು ಕೂಗು ಕೇಳಿತು.

"ಲೇ, ಮಗಿನ ಕಿವಿಗೆ ಏನೋ ಇಕ್ಕವ್ನೆ ಕಣ್ರಲಾ! ಇಡ್ಕಳ್ರಲಾ ಅವ್ನ!"

ತಿರುಗುವಷ್ಟರಲ್ಲಿ ಜನ. ಎಲ್ಲಿದ್ದರೋ ತಿಳಿಯದು. ಒಬ್ಬ ಅವನ ಕಾಲರು ಹಿಡಿದಿದ್ದ. ಗೆಳೆಯ ಹೆದರಿ ಹಿಂದಿಯಲ್ಲಿ ಏನೋ ಬೇಡಿಕೊಂಡ. ಅದು ಬೆಂಕಿಗೆ ಎಣ್ಣೆಯಾಯಿತು. "ನೋಡ್ದಾ, ಇಂದಿಯೋನು!" ಮೊದಲ ಏಟು ಬಿತ್ತು. ಮೇಷ್ಟ್ರು ನಡುವೆ ನುಗ್ಗಿದರು. "ನಾನು ಮದ್ದೂರೋನು ಕಣ್ರಪ್ಪ, ಟೈಪಿಂಗ್ ಮೇಷ್ಟ್ರು, ಇವ್ರು ನನ್ ನೆಂಟ್ರು" ಎಂದರು. ಯಾರೋ ಅವರ ಅಂಗಿ ಜಗ್ಗಿದರು. "ಕನ್ನಡ ಕಲ್ತ್ಕಂಡು ಬಂದವ್ನೆ ಕಳ್‌ನನ್ಮಗ. ಇವ್ನೂ ಅವ್ರ ಗ್ಯಾಂಗೇಯ!" ಒಂದು ದೊಣ್ಣೆ ಮೇಲೆದ್ದು ಇಳಿಯಿತು. ಮೇಷ್ಟ್ರು ಎಡಗೈ ಅಡ್ಡ ಕೊಟ್ಟರು.

ಆಗ ನನ್ನ ಪಕ್ಕದಲ್ಲಿದ್ದವನು ನನ್ನನ್ನು ನೋಡಿದ. "ಏನಮ್ಮೋ, ನೀನೂ ಇವ್ರ ಜೊತೆಲಿ ಬಂದೋಳಾ?"

"ಇಲ್ಲ ಕಣಣ್ಣ," ಎಂದೆ. "ನಾನು ಬಸ್ಸಿಗೆ ಕಾಯ್ತಾವ್ನಿ."

ನನಗೆ ಹಿಂದಿ ಬರುತ್ತಿತ್ತು. ಎಸ್ಪೆರಾಂತೊ ಬರುತ್ತಿತ್ತು. ಕನ್ನಡ ಬರುತ್ತಿತ್ತು. ಮೂರರಲ್ಲಿ ಒಂದರಲ್ಲಾದರೂ ಒಂದು ಮಾತಾಡಬಹುದಿತ್ತು. ಮೇಷ್ಟ್ರ ಮುಖ ನನ್ನ ಕಡೆಗೇ ಇತ್ತು.

ಗೆಳೆಯನ ಕಣ್ಣು ಓಡುವ ದಾರಿ ಹುಡುಕುತ್ತಿತ್ತು. ಓಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಓಡುವವನನ್ನು ಗುಂಪು ಬಿಡುವುದಿಲ್ಲ. ಮೇಷ್ಟ್ರಿಗೆ ಅದು ನನಗಿಂತ ಮೊದಲು ಹೊಳೆದಿರಬೇಕು. ಒಂದು ಕೈ ಜೋತುಬಿದ್ದಿತ್ತು. ಇನ್ನೊಂದು ಕೈಯಿಂದ ಅವನ ತೋಳು ಹಿಡಿದು, ತಮ್ಮಿಬ್ಬರಿಗೂ ಬರುವ ಆ ಕಟ್ಟಿದ ಭಾಷೆಯಲ್ಲಿ ಜೋರಾಗಿ ಹೇಳತೊಡಗಿದರು.

"ರಿಗಾರ್ದು ಮಿನ್ನು. ನೇ ತೀಮು. ಮೀ ಯೆಸ್ತಾಸು ಚೀ ತೀಯೆ."

ನನ್ನ ಕಡೆ ನೋಡು. ಹೆದರಬೇಡ. ನಾನಿಲ್ಲೇ ಇದ್ದೀನಿ.

"ಆ ಭಾಸೆ ನಿಲ್ಸೋ! ಕನ್ನಡ್ದಲ್ಲಿ ಮಾತಾಡೋ!" ಎಂದು ಕಿರುಚಿದರು. ಯಾರೋ ಮುಖಕ್ಕೆ ಹೊಡೆದರು. ಅವರು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅವರಿಗೆ ಬೀಳುವ ಏಟು ಕಡಿಮೆಯಾಗುತ್ತಿತ್ತೇನೋ. ಆದರೆ ಆ ನೂರು ಜನರ ನಡುವೆ ಗೆಳೆಯನಿಗೆ ಅರ್ಥವಾಗುವ ದನಿ ಅದೊಂದೇ ಆಗಿತ್ತು. ಬಾಯಿಂದ ರಕ್ತ ಇಳಿಯುತ್ತಿದ್ದರೂ ಮತ್ತೆ ಮತ್ತೆ ಅದೇ ಮೂರು ಮಾತು. ಮಿನ್ನು. ತೀಮು. ತೀಯೆ. ಪರೀಕ್ಷಕರು ಶುದ್ಧಮಾಡಿಕೊಂಡು ಬನ್ನಿ ಎಂದಿದ್ದ ಅದೇ ಸ್ವರಗಳು, ಒಂದೂ ಕಡಿಮೆಯಿಲ್ಲದೆ, ಹೊಲದಾಚೆ ಇರುವವನನ್ನು ಕೂಗುವ ಹಾಗೆ ಎಳೆದು ಎಳೆದು.

"ನಿಲ್ಸ್ರಲಾ!"

ಸೌತೆಕಾಯಿ ಮಾರುವ ಮುದುಕಿ. ಕುಕ್ಕೆ ಬಿಟ್ಟು ಎದ್ದು ಬಂದು, ಹೆಚ್ಚುವ ಚಾಕು ಕೈಯಲ್ಲೇ ಹಿಡಿದು, ದೊಣ್ಣೆಯವನ ಎದುರು ನಿಂತಳು.

"ಆ ವಯ್ಯ ಆಡ್ತಿರೋದು ಯಾವ್ ಭಾಸೆಯೋ ನಂಗೊತ್ತಿಲ್ಲ. ಆಡೋ ಬಾಯಿ ನಮ್ ಕಡೇದು ಕಣ್ಲಾ."

"ನಿಂಗೇನ್ ಗೊತ್ತು ಸುಮ್ಕಿರಜ್ಜಿ. ಕನ್ನಡ ಕಲ್ತ್ಕಂಡು ಬಂದವ್ನೆ ಅವ್ನು."

"ಕನ್ನಡನ ಯಾರ್ ಬೇಕಾರೂ ಕಲ್ತ್ಕಂಡು ಬತ್ತಾರೆ ಕಣ್ ಮೂದೇವಿ. ಗುರ್ತಿಲ್ದಿರೋ ಭಾಸೆನೂ ನಮ್ಮಂಗೆ ರಾಗ ಎಳ್ಕಂಡು ಆಡೋದ ಯಾವ್ ಕಳ್ಳ ಕಲ್ತಾನ್ಲಾ? ಉಟ್ಟಿರ್ಬೇಕು ಇಲ್ಲಿ, ಉಟ್ಟಿರ್ಬೇಕು! ನಿಮ್ಮಪ್ಪ ಇಂಗ್ಲಿಸ್ ಮಾತಾಡುದ್ರೆ ಇಂಗೇ ಮಾತಾಡ್ತಾನೆ. ಓಗ್ ಕೇಳೋಗು."

ಒಬ್ಬ ನಕ್ಕ. ಆ ನಗು ಈಗಲೂ ನನಗೆ ಕೇಳಿಸುತ್ತದೆ. ಅದಾದ ಮೇಲೆ ಇನ್ನೊಬ್ಬ ನಕ್ಕ. ಕಾಲರು ಹಿಡಿದಿದ್ದ ಕೈ ಸಡಿಲವಾಯಿತು. ಅಷ್ಟು ಹೊತ್ತೂ ಬಾಯಿಗೆ ಸೆರಗು ಒತ್ತಿಕೊಂಡಿದ್ದ ಆ ಮಗುವಿನ ತಾಯಿ, "ಅವ್ರು ಏನೂ ಮಾಡ್ಲಿಲ್ಲ, ಹಾಡು ಕೇಳುಸುದ್ರು ಅಷ್ಟೆ" ಎಂದಳು. ಅದನ್ನು ಮೊದಲೇ ಹೇಳಬಾರದಿತ್ತೇ ಎಂದು ಅವಳ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿಲ್ಲ. ಮುದುಕಿ ಇಬ್ಬರನ್ನೂ ತನ್ನ ಕುಕ್ಕೆಯ ಹಿಂದೆ ಕೂರಿಸಿ, ಪೊಲೀಸ್ ಜೀಪು ಬರುವವರೆಗೂ ಅವರ ಮುಂದೆ ನಿಂತಿದ್ದಳು. ಮೇಷ್ಟ್ರ ಬಾಯಿಗೆ ಒಂದು ತುಂಡು ಸೌತೆಕಾಯಿ ಒತ್ತಿ ಹಿಡಿ ಎಂದು ಕೊಟ್ಟಿದ್ದಳು.

ಜೀಪು ಅವರಿಬ್ಬರನ್ನು ಹತ್ತಿಸಿಕೊಂಡಾಗ ನಾನು ಮೆಲ್ಲಗೆ ಹೋಗಿ ಪಕ್ಕದಲ್ಲಿ ಕೂತೆ. ಮೇಷ್ಟ್ರು ಊದಿದ ತುಟಿಯಲ್ಲೇ ನನ್ನ ಕಡೆ ತಿರುಗಿ ಕೇಳಿದರು:

"ಬಸ್ಸು ಸಿಕ್ತೇನವ್ವಾ?"

ಕೇಳಿ ನಕ್ಕರು. ಅದು ಚುಚ್ಚಿದ್ದೋ, ನನ್ನನ್ನು ಹಗುರ ಮಾಡಲು ಆಡಿದ್ದೋ, ಇವತ್ತಿಗೂ ನನಗೆ ತಿಳಿದಿಲ್ಲ. ಮದ್ದೂರಿಗೆ ಬಂದ ಮೇಲೆ ಅವರು ಈ ಕತೆಯನ್ನು ತರಗತಿಯಲ್ಲಿ ಹತ್ತು ಸಲ ಹೇಳಿರಬೇಕು. ಪ್ರತಿ ಸಲವೂ ನನ್ನ ಜಾಗ ಬಂದಾಗ, "ಇವ್ಳು ಬಸ್ಸು ಇಚಾರ್ಸಕ್ಕೆ ಓಗಿದ್ಲು, ಪಾಪ, ದೂರ ಇದ್ಲು" ಎನ್ನುತ್ತಿದ್ದರು. ಹತ್ತು ಹೆಜ್ಜೆ. ಬೈದಿದ್ದರೆ ಮರೆಯುತ್ತಿದ್ದೆ.

ಅವರ ಎಡಗೈಯ ಕಿರುಬೆರಳು ಮತ್ತೆ ನೆಟ್ಟಗಾಗಲಿಲ್ಲ. ಇಂಗ್ಲಿಷ್ ಕೀಲಿಮಣೆಯಲ್ಲಿ ಮೊದಲ ಅಕ್ಷರ ಆ ಬೆರಳಿನ ಪಾಲು. ಮೊದಲ ಪಾಠವೇ ಅಲ್ಲಿಂದ ಶುರು. ಅವರು ಆ ಅಕ್ಷರ ಬಂದಾಗಲೆಲ್ಲ ಪಕ್ಕದ ಬೆರಳನ್ನು ಕಳುಹಿಸಿ ಒತ್ತುತ್ತಿದ್ದರು. ಮಕ್ಕಳಿಗೆ ಮಾತ್ರ, "ನನ್ನ ಬೆಳ್ಳು ನೋಡಬ್ಯಾಡಿ, ಅದು ರಜದ ಮೇಲದೆ" ಎಂದು ಕಲಿಸುತ್ತಿದ್ದರು.

ಗೆಳೆಯನ ಧ್ವನಿ ಹಿಡಿಯುವ ಯಂತ್ರ ಕಾಲ್ತುಳಿತಕ್ಕೆ ಸಿಕ್ಕಿ ಪುಡಿಯಾಗಿತ್ತು. ಅದರೊಳಗಿನ ಮೆಮೊರಿ ಕಾರ್ಡು ಉಳಿದಿತ್ತು. ಊರಿಗೆ ಹೋದ ಮೇಲೆ ಆ ದಿನದ ಧ್ವನಿಯನ್ನು ನಮಗೆ ಕಳಿಸಿದ. ನಾಲ್ಕು ನಿಮಿಷಕ್ಕೂ ಕಡಿಮೆ. ಎಷ್ಟು ಸಲ ಕೇಳಿದ್ದೇನೋ ನನಗೇ ಗೊತ್ತಿಲ್ಲ. ಪಾತ್ರೆ ತೊಳೆಯುವಾಗ, ಮಂಡ್ಯದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ, ಕೇಳಬಾರದೆಂದುಕೊಂಡೇ ಒತ್ತುತ್ತೇನೆ. ಬಸ್ಸಿನ ಹಾರನ್ನು, ಮಗುವಿನ ನಗು, ಕೂಗು, ಏಟಿನ ಸದ್ದು. ನಡುವೆ ಒಂದು ಹೆಂಗಸಿನ ದನಿ, ತುಸು ದೂರದಿಂದ, ಆದರೆ ಸ್ಪಷ್ಟವಾಗಿ: "ಇಲ್ಲ ಕಣಣ್ಣ."

ಮೊದಲ ಸಲ ಕೇಳಿದಾಗ ಅದು ನಾನೆಂದು ಗುರುತೇ ಸಿಗಲಿಲ್ಲ. ಸ್ಕೂಲಿನ ಸ್ವರ ಒಂದೂ ಇರಲಿಲ್ಲ ಅದರಲ್ಲಿ. ಕೊನೆಯ 'ಅ' ಕರಗಿರಲಿಲ್ಲ, ತುಂಬಿಕೊಂಡಿತ್ತು. ನಮ್ಮ ಅಜ್ಜಿಯ ಬಾಯಿ ಅದು. ಮೇಷ್ಟ್ರು ಒಳಗೆ ಕೂತಿದ್ದಾರೆ ಎನ್ನುತ್ತಿದ್ದ ಅಜ್ಜಿ ಕಡೆಗೂ ಹೊರಗೆ ಬಂದಿದ್ದರು. ಬಂದದ್ದು ಒಂದು ಸುಳ್ಳು ಹೇಳಲು. ನನ್ನ ನಿಜವಾದ ಸ್ವರದಲ್ಲಿ ನಾನು ಆಡಿದ ಮೊದಲ ಮಾತು ಮೇಷ್ಟ್ರು ನನಗೆ ಗೊತ್ತಿಲ್ಲ ಎನ್ನುವುದಾಗಿತ್ತು.

ಅದನ್ನು ಕೇಳಿದ ಮರುದಿನ ಹಾಜರಿಯಲ್ಲಿ ನನ್ನ ಐದು ಸ್ವರ ಹೇಳಿದೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, "ಬಾಗ್ಲು ತೆಗ್ದಂಗದೆ" ಎಂದರು. ಗೆರೆ ಹಾಕಿದರು. ಅಷ್ಟೇ. ಅವರೂ ಆ ಧ್ವನಿಯನ್ನು ಕೇಳಿದ್ದರೇ? ಕೇಳಿರಲೇಬೇಕು. ಈಗ ಯಾರನ್ನು ಕೇಳಲಿ?

ಆಮೇಲಿನ ದಿನಗಳಲ್ಲಿ ನಾನು ಆ ಭಾಷೆಯನ್ನು ಮಹಡಿಯ ಮೇಲೆ ಮಾತ್ರ ಆಡುತ್ತಿದ್ದೆ. ಕೆಳಗಿಳಿದರೆ ಬಾಯಿಗೆ ಬೀಗ. ಮೇಷ್ಟ್ರು ಹಾಗಲ್ಲ. ತುಟಿಯ ಹೊಲಿಗೆ ಬಿಚ್ಚಿದ ದಿನವೇ ಮದ್ದೂರಿನ ಬಸ್‌ ನಿಲ್ದಾಣದಲ್ಲಿ ನಿಂತು, ನೇಪಾಳಕ್ಕೆ ಕರೆ ಮಾಡಿ, ಇಡೀ ನಿಲ್ದಾಣ ತಿರುಗಿ ನೋಡುವ ಹಾಗೆ ಮಾತಾಡಿದರು. ನಾನು ಅವರ ಅಂಗಿ ಜಗ್ಗಿ, "ಮೆಲ್ಲಗೆ ಸಾರ್" ಎಂದೆ. ಅವರು ಇನ್ನಷ್ಟು ಎಳೆದರು.

ಶ್ರದ್ಧಾಂಜಲಿ ಸಭೆಯ ಮರುದಿನ ನಾನು ಹಲಗೂರಿಗೆ ಹೋದೆ. ಮೂರು ವರ್ಷದಲ್ಲಿ ಅತ್ತ ಕಡೆ ತಲೆ ಹಾಕಿರಲಿಲ್ಲ. ಇಳಿದು ನೇರ ಸೌತೆಕಾಯಿ ಮಾರುವ ಜಾಗಕ್ಕೆ ಹೋದೆ. ಮುದುಕಿ ಇರಲಿಲ್ಲ. ಅವಳ ಜಾಗದಲ್ಲಿ ಅವಳದೇ ಮೂಗಿನ ಇನ್ನೊಬ್ಬ ಹೆಂಗಸು ಸೌತೆಕಾಯಿ ಹೆಚ್ಚುತ್ತಿದ್ದಳು. ಅವಳ ಕುಕ್ಕೆಯ ಪಕ್ಕದಲ್ಲಿ ನಿಂತು ನೇಪಾಳಕ್ಕೆ ಕರೆ ಮಾಡಿದೆ. ಸಭೆಯಲ್ಲಿ ಆ ಹಿರಿಯರಿಗೆ ಹೇಳಬೇಕಾಗಿದ್ದುದನ್ನೆಲ್ಲ ಗೆಳೆಯನಿಗೆ ಆ ಭಾಷೆಯಲ್ಲೇ ಹೇಳಿದೆ. ಅವನಿಂದ ಮುಚ್ಚಿಟ್ಟಿದ್ದ ನನ್ನ ಎರಡು ಮಾತನ್ನೂ, ಆ 'ಇಲ್ಲ ಕಣಣ್ಣ'ವನ್ನೂ ಹೇಳಿದೆ. ಆ ದನಿ ನಿಂದೇ ಎಂದು ಗೊತ್ತಿತ್ತು ಎಂದ. ಮೊದಮೊದಲು ನನ್ನ ದನಿ ಏಳಲಿಲ್ಲ. ಆಮೇಲೆ ಎದ್ದಿತು. 'ಎ' ಇದ್ದ ಕಡೆಯೆಲ್ಲ 'ಯೆ', ಕೊನೆಗೆಲ್ಲ 'ಉ', ಎಳೆಯಬೇಕೆನಿಸಿದ ಕಡೆಯೆಲ್ಲ ಎಳೆತ. ಬಸ್ಸಿಗೆ ನಿಂತವರು ತಿರುಗಿದರು. ಮಾತು ನಿಂತಿತು, ಅವರದು. ನನ್ನದಲ್ಲ.

ಒಬ್ಬ ಹತ್ತಿರ ಬಂದ. "ಯಾವ್ ಭಾಸೆನಮ್ಮ ಅದು? ಯಾರ್ ಜೊತೆ ಬಂದಿದ್ದೀ ನೀನು?"

ಮೂರು ವರ್ಷ ದಿನವೂ ಕಿವಿಯಲ್ಲಿ ಕೇಳಿದ್ದ ಪ್ರಶ್ನೆ ಅದು.

"ಮದ್ದೂರ್ ಟೈಪಿಂಗ್ ಮೇಷ್ಟ್ರ ಜೊತೆ ಬಂದಿವ್ನಿ ಕಣಣ್ಣ," ಎಂದೆ.

ಅವನು ಅತ್ತಿತ್ತ ನೋಡಿದ. ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ. ಸೌತೆಕಾಯಿಯವಳು ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಮುತ್ತತ್ತಿ ಬಸ್ಸು ಬಂತು. ಬಾಗಿಲ ಹತ್ತಿರವೇ ಸೀಟು ಖಾಲಿಯಿತ್ತು. ಹತ್ತಮ್ಮ ಹತ್ತಮ್ಮ ಎಂದು ಕಂಡಕ್ಟರು ಕರೆದ.

ಹತ್ತಲಿಲ್ಲ. ನನ್ನ ಮಾತು ಇನ್ನೂ ಮುಗಿದಿರಲಿಲ್ಲ.